ಸತ್ಯಾಂಶ: ‘ದೇವರು ಸತ್ತ’ ಎಂದು ನೀತ್ಸೆ ಸಂಭ್ರಮಿಸಿದನೇ?

ಉಡುಪಿಯ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಶುಭೋದಯದ ಹೂವಿನ ಬೆನ್ನಿಗೇ ಒಂದು ಫಾರ್ವರ್ಡ್ ಬಂತು: ‘ದೇವರು ಸತ್ತ ಎಂದು ಸಂಭ್ರಮಿಸಿದ ನೀತ್ಸೆಗೆ ದೇವರೇ ಹುಚ್ಚು ಹಿಡಿಸಿದ. ಅಸ್ತಿತ್ವವಾದವೆಂದರೆ ಇದೇ ನಾಸ್ತಿಕತೆ.’ ಕೆಳಗೆ ಸಾಲಾಗಿ ಕೈಮುಗಿದ ಇಮೋಜಿಗಳು.

ಸಂಭ್ರಮವೇನೂ ಅಲ್ಲಿಲ್ಲ. ಆ ಮಾತು ಪ್ರಸಿದ್ಧವಾದದ್ದು ಜರ್ಮನ್ ತತ್ತ್ವಜ್ಞಾನಿ ನೀತ್ಸೆಯ 1882ರ ಪುಸ್ತಕದ ಪುಟ್ಟ ಕಥೆಯೊಂದರಿಂದ. ಹಾಡಹಗಲೇ ಲಾಟೀನು ಹಚ್ಚಿಕೊಂಡ ಹುಚ್ಚನೊಬ್ಬ ಸಂತೆಗೆ ಓಡಿಬಂದು, ದೇವರನ್ನು ಹುಡುಕುತ್ತಿದ್ದೇನೆ ಎನ್ನುತ್ತಾನೆ. ನಗುವವರು ಅಲ್ಲಿದ್ದ ನಂಬಿಕೆಯಿಲ್ಲದ ಜನ. ಅವನು ನಗುವುದಿಲ್ಲ, ಕೊಂದವರು ನಾವೇ, ಇನ್ನು ನಮಗೆ ಸಮಾಧಾನ ಎಲ್ಲಿಂದ ಎಂದು ಕೇಳುತ್ತಾನೆ. ಕೊನೆಗೆ ಲಾಟೀನನ್ನು ನೆಲಕ್ಕೆ ಅಪ್ಪಳಿಸುತ್ತಾನೆ. ನೀತ್ಸೆ ಆಸ್ತಿಕನಲ್ಲ, ನಿಜ. ಆದರೆ ನನ್ನ ಕಿವಿಗೆ ಇದು ಗೆದ್ದವನ ಕೇಕೆಯಲ್ಲ, ಸಾವಿನ ಮನೆಯ ದನಿ.

1889ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಅವನ ಮನಸ್ಸು ಕುಸಿದದ್ದು ಹೌದು. ಅದು ಕಾಯಿಲೆ, ಯಾವುದೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಶಿಕ್ಷೆ ಅನ್ನುವುದಾದರೆ, ನಿತ್ಯ ಕನಕನ ಕಿಂಡಿಯಲ್ಲಿ ಕೈಮುಗಿಯುತ್ತಿದ್ದ ನನ್ನ ದೊಡ್ಡಮ್ಮನಿಗೂ ಕೊನೆಗೆ ಮಕ್ಕಳ ಹೆಸರು ನೆನಪಿರಲಿಲ್ಲ.

ಇನ್ನು ಅಸ್ತಿತ್ವವಾದ, ಅಂದರೆ ಬದುಕಿನ ಅರ್ಥವನ್ನು ಪ್ರತಿಯೊಬ್ಬನೂ ತನ್ನ ಆಯ್ಕೆಗಳಿಂದ ತಾನೇ ಕಂಡುಕೊಳ್ಳಬೇಕೆನ್ನುವ ಚಿಂತನೆ. ಅದರ ಮೂಲಪುರುಷ ಎನಿಸಿಕೊಂಡ ಡೆನ್ಮಾರ್ಕಿನ ಕೀರ್ಕೆಗಾರ್ (1813–1855) ಅಪ್ಪಟ ಕ್ರೈಸ್ತ. ಅವನ ಜಗಳ ದೇವರ ಜೊತೆಗಲ್ಲ, ಹುಟ್ಟಿನಿಂದಲೇ ಪುಕ್ಕಟೆ ಸಿಗುವ ಭಕ್ತಿಯ ಜೊತೆ. ಇನ್ನೊಬ್ಬ ಅಸ್ತಿತ್ವವಾದಿ, ಫ್ರಾನ್ಸಿನ ಗೇಬ್ರಿಯಲ್ ಮಾರ್ಸೆಲ್ ಕ್ಯಾಥೊಲಿಕ್. ನಾಸ್ತಿಕನಾದ ಫ್ರೆಂಚ್ ತತ್ತ್ವಜ್ಞಾನಿ ಸಾರ್ತ್ರ್ ಕೂಡ 1945ರ ಪ್ಯಾರಿಸ್ ಉಪನ್ಯಾಸದಲ್ಲಿ, ಅಸ್ತಿತ್ವವಾದಿಗಳಲ್ಲಿ ಕ್ರೈಸ್ತರೂ ಇದ್ದಾರೆ, ನಾಸ್ತಿಕರೂ ಇದ್ದಾರೆ ಎಂದೇ ಹೇಳಿದ.

ಇಷ್ಟನ್ನೂ ಗುಂಪಿಗೆ ಹಾಕಿದೆ. ಭಾವನ ಉತ್ತರ: ‘ಆ ಲಾಟೀನಿನ ಕಥೆ ಪೂರ್ತಿ ಕಳಿಸು ಮಾರಾಯ.’