ತೋಳಮನುಷ್ಯನಿಗೊಂದು ಪಂಚಾಂಗ

ಹದಿಹರೆಯದವರ ದೆವ್ವ-ಪತ್ತೇದಾರಿ ಕಾದಂಬರಿ ಓದಲು ಕೂರುವವರು ಕೈಗೆಟಕುವಂತೆ ಇಟ್ಟುಕೊಳ್ಳಬೇಕಾದ್ದು ಮೂರೇ ಸಾಮಾನು: ಒಂದು ಪೆನ್ಸಿಲ್, ಅಂಗೈಯಗಲದ ಒಂದು ರಟ್ಟು, ಅಡುಗೆಮನೆ ಗೋಡೆಗೆ ನೇತುಹಾಕಿರುವ ತಿಥಿ-ನಕ್ಷತ್ರದ ಕ್ಯಾಲೆಂಡರ್. ವಯಸ್ಸು ಅಡ್ಡಿಯಲ್ಲ. ಮೀಸೆ ನರೆತವರೂ ಅಂಗಡಿಯ ಕೌಂಟರಿನಲ್ಲಿ ‘ಮಗಳು ತಗೊಂಡ್ ಬಾ ಅಂದ್ಲು’ ಅನ್ನುತ್ತಾರೆ. ಬಿಲ್ ಹಾಕುವ ಹುಡುಗ ತಲೆಯಾಡಿಸುತ್ತಾನೆ, ನಂಬುವುದಿಲ್ಲ.

ಕ್ಯಾಲೆಂಡರಿನಿಂದಲೇ ಶುರು ಮಾಡೋಣ. ಇಂಥ ಕಾದಂಬರಿಗಳಲ್ಲಿ ಲೆಕ್ಕ ತಪ್ಪುವವರಲ್ಲಿ ಮೊದಲಿಗ ತೋಳಮನುಷ್ಯ. ಅವನ ಕರಾರು ಸರಳ: ಹುಣ್ಣಿಮೆ ಬಂದರೆ ತೋಳ, ಉಳಿದ ದಿನ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ಅಮೆರಿಕದ ಶಾಲೆ ಸೆಪ್ಟೆಂಬರ್ ಮೊದಲ ವಾರ ಶುರುವಾಗಿ, ಅಕ್ಟೋಬರ್ 31ರ ಹ್ಯಾಲೊವೀನ್ ಬರುವುದರೊಳಗೆ ಹುಡುಗ ಐದು ಸಲ ಅಂಗಿ ಹರಿದುಕೊಂಡಿದ್ದರೆ ಎಲ್ಲೋ ಎಡವಟ್ಟಾಗಿದೆ. ಆ ಅವಧಿಗೆ ಸಿಗುವುದು ಎರಡು ಹುಣ್ಣಿಮೆ. ಹಿಂದೊಂದು ಮುಂದೊಂದು ರಾತ್ರಿ ಸೇರಿಸಿ ರಿಯಾಯಿತಿ ಕೊಟ್ಟರೂ ಆ ಮೂರು ರಾತ್ರಿ ಒಂದಕ್ಕೊಂದು ಅಂಟಿಕೊಂಡಿರಬೇಕು. ಸೋಮವಾರ ಒಮ್ಮೆ, ಮುಂದಿನ ಶುಕ್ರವಾರ ಇನ್ನೊಮ್ಮೆ ಅಂದರೆ ಆಗುವುದಿಲ್ಲ. ಹ್ಯಾಲೊವೀನ್ ರಾತ್ರಿಯೇ ಹುಣ್ಣಿಮೆ ಬೀಳುವುದಂತೂ ಸುಮಾರು 19 ವರ್ಷಕ್ಕೊಮ್ಮೆ ಕೂಡಿಬರುವ ಯೋಗ. 2020ರಲ್ಲಿ ಹಾಗೆ ಬಿದ್ದಿತ್ತು. ಕಾದಂಬರಿಗಳಲ್ಲಿ ಮಾತ್ರ ಪ್ರತಿವರ್ಷ ಬೀಳುತ್ತದೆ.

ಎರಡನೆಯ ತಪ್ಪು ಇದಕ್ಕಿಂತ ಸೊಗಸಾದದ್ದು. ‘ನಡುರಾತ್ರಿ. ಕಿಟಕಿಯಾಚೆ ಕುಡುಗೋಲಿನಂಥ ಎಳೆಚಂದ್ರ’ ಎಂದು ಬರೆದುಬಿಡುತ್ತಾರೆ. ಬಿದಿಗೆ-ತದಿಗೆಯ ಚಂದ್ರ ಸೂರ್ಯ ಮುಳುಗಿದ ಒಂದೆರಡು ತಾಸಿನಲ್ಲಿ ತಾನೂ ಮುಳುಗಿರುತ್ತಾನೆ. ಕೃಷ್ಣಪಕ್ಷದ ಕೊನೆಯ ಸಣ್ಣ ಚಂದ್ರನಾದರೆ ಬೆಳಗಿನ ಜಾವಕ್ಕೆ ಮುಂಚೆ ಏಳುವುದೇ ಇಲ್ಲ. ನಡುರಾತ್ರಿಗೆ ಮುಳುಗುವುದು ಶುಕ್ಲ ಅಷ್ಟಮಿಯ ಅರ್ಧಚಂದ್ರ, ನಡುರಾತ್ರಿಗೆ ಏಳುವುದು ಕೃಷ್ಣ ಅಷ್ಟಮಿಯದು, ನಡುರಾತ್ರಿಗೆ ನೆತ್ತಿಯ ಮೇಲಿರುವುದು ಹುಣ್ಣಿಮೆಯದು. ಹುಣ್ಣಿಮೆ ಕಳೆದ ಮೇಲೆ ಚಂದ್ರೋದಯ ದಿನಕ್ಕೆ ಸರಾಸರಿ ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಇದನ್ನು ಪುಸ್ತಕ ನೋಡಿ ಕಲಿಯಬೇಕಿಲ್ಲ. ಸಂಕಷ್ಟಿ ಉಪವಾಸ ಮಾಡುವ ಯಾರನ್ನಾದರೂ ಕೇಳಿ. ಹುಣ್ಣಿಮೆಯಾದ ನಾಲ್ಕನೇ ದಿನ ಚಂದ್ರ ಕಾಣುವುದು ರಾತ್ರಿ ಒಂಬತ್ತರ ಆಸುಪಾಸು ಎಂಬುದು ಅವರಿಗೆ ಹೊಟ್ಟೆಯಿಂದಲೇ ಗೊತ್ತು. ಆ ದಿನ ಸಂಜೆ ಆರೂವರೆಗೇ ಚಂದ್ರನನ್ನು ನೋಡಿ ಊಳಿಡುವ ತೋಳವನ್ನು ಸಂಕಷ್ಟಿ ಅತ್ತೆಯವರ ಮುಂದೆ ನಿಲ್ಲಿಸಿದರೆ, ‘ಅದ್ಹೇಗಪ್ಪಾ, ನಾನಿನ್ನೂ ಕಡುಬು ಬೇಯಿಸ್ತಾ ಇದ್ದೆ’ ಎಂದು ಒಂದೇ ಮಾತಿನಲ್ಲಿ ಕೇಸು ಮುಗಿಸುತ್ತಾರೆ.

2005ರಲ್ಲಿ ಶುರುವಾದ ‘ಟ್ವೈಲೈಟ್’ ಕಾದಂಬರಿ ಸರಣಿ ಈ ರಗಳೆಯೇ ಬೇಡವೆಂದು ಜಾಣತನ ಮಾಡಿತು. ಅದರ ತೋಳಹುಡುಗರಿಗೆ ಚಂದ್ರನ ಹಂಗಿಲ್ಲ, ಸಿಟ್ಟು ಬಂದರೆ ಸಾಕು. ಲೆಕ್ಕ ಇಡುವ ಓದುಗರ ಕಣ್ಣಲ್ಲಿ ಇದು ಮೋಸ. ಆದರೆ ಸಿಕ್ಕಿಬೀಳದ ಮೋಸ, ಹಾಗಾಗಿ ಗೌರವವೂ ಇದೆ. ಆ ಸರಣಿಯ ಎರಡು ಮತ್ತು ಮೂರನೆಯ ಪುಸ್ತಕಗಳ ಹೆಸರನ್ನು ಮಾತ್ರ ಮನೆಯ ಹಿರಿಯರಿಗೆ ಕನ್ನಡದಲ್ಲಿ ಹೇಳಲು ಹೋಗಬೇಡಿ. ಎರಡನೆಯದು ಅಮಾವಾಸ್ಯೆ, ಮೂರನೆಯದು ಗ್ರಹಣ. ಉಪ್ಪಿನಕಾಯಿ ಭರಣಿಯ ಮೇಲಿನ ದರ್ಭೆ ಪುಸ್ತಕದ ಮೇಲೂ ಬೀಳುತ್ತದೆ. ಬುಕ್‌ಮಾರ್ಕ್ ಆಗಿ ದರ್ಭೆ ಕೆಟ್ಟದ್ದೇನಲ್ಲ, ತೆಳ್ಳಗಿರುತ್ತದೆ.

ವ್ಯಾಂಪೈರ್ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಈ ಪುಸ್ತಕದಲ್ಲಿ ಬಿಸಿಲು ಏನು ಮಾಡುತ್ತದೆ? ಬಿಸಿಲು ತಾಗಿದರೆ ಬೂದಿಯಾಗುವುದು ಅನಾದಿಕಾಲದ ನಿಯಮವೆಂದು ವಾದಕ್ಕೆ ಬರುವವರು ಸಿಗುತ್ತಾರೆ. ಅಲ್ಲ. 1897ರ ‘ಡ್ರಾಕುಲಾ’ದಲ್ಲಿ ಆ ಮಹಾನುಭಾವ ಹಗಲು ಹೊತ್ತಿನಲ್ಲೇ ಲಂಡನ್ನಿನಲ್ಲಿ ಅಡ್ಡಾಡುತ್ತಾನೆ, ಆಗ ಶಕ್ತಿ ಕಮ್ಮಿ ಅಷ್ಟೇ. ಬಿಸಿಲಿಗೆ ಸಾಯುವ ಪದ್ಧತಿ ಹಾಕಿಕೊಟ್ಟದ್ದು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’. ಟ್ವೈಲೈಟಿನವರು ಸಾಯುವುದೂ ಇಲ್ಲ, ರೇಷ್ಮೆಸೀರೆಯ ಜರಿಯ ಹಾಗೆ ಮಿನುಗುತ್ತಾರೆ. ಅದು ಬಚ್ಚಿಡಬೇಕಾದ ಮಿನುಗು. ಅದಕ್ಕೇ ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಮೋಡಮುಚ್ಚಿದ ಊರಿನಲ್ಲಿ ಮನೆ. ಅಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ನಮ್ಮ ಆಗುಂಬೆಯಲ್ಲಿ ಅದು 7,000 ದಾಟುತ್ತದೆ, ಹಾಗಾದರೆ ಇಲ್ಲೇ ಬಂದಿರಬಹುದಿತ್ತಲ್ಲ ಅನ್ನಿಸುವುದು ಸಹಜ. ಸಮಸ್ಯೆ ಏನೆಂದರೆ ಫೋರ್ಕ್ಸಿನ ಮಳೆ ವರ್ಷವಿಡೀ ಜಿಟಿಜಿಟಿ ಹಂಚಿಕೊಂಡು ಬೀಳುತ್ತದೆ. ಆಗುಂಬೆಯದು ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಖರ್ಚಾಗಿಬಿಡುತ್ತದೆ. ಡಿಸೆಂಬರಿನಲ್ಲಿ ಆ ಸಂಸಾರ ಮಿನುಗುತ್ತಾ ಕೂರಬೇಕು. ಅದೂ ರಾಜ್ಯದ ನಾನಾ ಕಡೆಯಿಂದ ಜನ ಸೂರ್ಯಾಸ್ತ ನೋಡಲೆಂದೇ ಬಸ್ಸು ಮಾಡಿಕೊಂಡು ಬರುವ ಊರಿನಲ್ಲಿ.

ಕರೆಯದೆ ವ್ಯಾಂಪೈರ್ ಹೊಸ್ತಿಲು ದಾಟುವಂತಿಲ್ಲ ಎಂಬ ಇನ್ನೊಂದು ನಿಯಮವಿದೆಯಲ್ಲ, ಅದು ಕನ್ನಡ ಮನೆಗಳಲ್ಲಿ ಒಂದು ದಿನವೂ ಬಾಳುವುದಿಲ್ಲ. ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ನೋಡುವ ಮೊದಲೇ ‘ಬನ್ನಿ ಬನ್ನಿ, ಒಳಗ್ ಬನ್ನಿ’ ಬಾಯಿಂದ ಬಂದಿರುತ್ತದೆ. ಮುಖ ಬಿಳಿಚಿಕೊಂಡಿದ್ದರಂತೂ ‘ಯಾಕೆ ಹೀಗಾಗಿದ್ದೀರಾ, ಊಟ ಆಯ್ತಾ?’ ಬೇರೆ. ಹೋಗುವಾಗ ಸುಮ್ಮನಿರುತ್ತೇವೆಯೇ? ‘ಹೋಗಿ’ ಎಂದು ಬರಿದೇ ಅನ್ನುವುದು ಅಶುಭ, ಹಾಗಾಗಿ ‘ಹೋಗಿ ಬನ್ನಿ’. ಮುಂದಿನ ಭೇಟಿಗೂ ಪರವಾನಗಿ ಅಲ್ಲೇ ನವೀಕರಣವಾಯಿತು. ಈ ದೌರ್ಬಲ್ಯ ಗೊತ್ತಿದ್ದೇ ಇರಬೇಕು, ಹಿಂದೆ ಬೆಂಗಳೂರಿನ ಆಸುಪಾಸಿನವರು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ಅಲ್ಲೂ ‘ಬರಬೇಡ’ ಅನ್ನಲು ಮನಸ್ಸು ಬರಲಿಲ್ಲ ನೋಡಿ.

ಉಪ್ಪಿನ ಗೆರೆ ಎಳೆದು ಆತ್ಮಗಳನ್ನು ತಡೆಯುವ ದೃಶ್ಯ ಓದಿ ಕರಾವಳಿಯಲ್ಲಿ ಯಾರೂ ಪ್ರಯೋಗಕ್ಕಿಳಿಯಬಾರದು. ಗಾಳಿಯ ತೇವಾಂಶ ಶೇ 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಎಳೆದ ಗೆರೆ ಬೆಳಗಾಗುವುದರೊಳಗೆ ಒದ್ದೆ ಪಟ್ಟೆಯಾಗಿ, ಆತ್ಮಕ್ಕಿಂತ ಮೊದಲು ಮನೆಯವರೇ ಜಾರಿ ಬೀಳುತ್ತಾರೆ.

ಇನ್ನು ಪತ್ತೇದಾರಿ. ಇಲ್ಲಿ ಪೆನ್ಸಿಲ್ ಬೇಕು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬವರು ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಹಾಕಿದರು. ಅದರಲ್ಲಿ ಎರಡನೆಯದು, ಅಲೌಕಿಕ ಶಕ್ತಿಗಳಿಗೆ ಪ್ರವೇಶವಿಲ್ಲ. ಮೂರನೆಯದು, ಒಂದಕ್ಕಿಂತ ಹೆಚ್ಚು ಗುಪ್ತದಾರಿ ಕೂಡದು. ದೆವ್ವಕ್ಕೆ ಜಾಗವಿಲ್ಲ ಅಂದ ಈ ನಾಕ್ಸ್ ಯಾರೆಂದುಕೊಂಡಿರಿ? ಕ್ಯಾಥೊಲಿಕ್ ಪಾದ್ರಿ. ದೆವ್ವವೂ ಇದೆ, ಕೊಲೆಯೂ ಆಗಿದೆ ಎಂಬ ಈಗಿನ ಮಿಶ್ರತಳಿಯ ಕಾದಂಬರಿಗಳು ಎರಡನೆಯ ಕಟ್ಟಳೆಯನ್ನು ಮುರಿದೇ ಹುಟ್ಟಿದವು. ಅದಕ್ಕೆ ತಕರಾರಿಲ್ಲ, ಆದರೆ ದೆವ್ವ ಏನೇನು ಮಾಡಬಲ್ಲದು ಎಂಬುದನ್ನು ಮೊದಲ ಐವತ್ತು ಪುಟದೊಳಗೆ ಹೇಳಿರಬೇಕು. ಅಷ್ಟು ಹೊತ್ತಿಗೆ ಗೋಡೆ ದಾಟಲಾಗದ ದೆವ್ವ 280ನೇ ಪುಟದಲ್ಲಿ ಬೀಗ ಹಾಕಿದ ಲಾಕರಿನಿಂದ ಚೀಟಿ ತಂದುಕೊಟ್ಟರೆ, ಪೆನ್ಸಿಲಿನಿಂದ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಚಿಹ್ನೆ ಮಾತ್ರ. ಕೊಲೆಗಾರನ ಹೆಸರು ಬರೆದಿಡುವ ಚಾಳಿ ಹಳೇ ಬಾಡಿಗೆ ಲೈಬ್ರರಿಗಳ ಕಾಲಕ್ಕೇ ಮುಗಿಯಲಿ.

ಈ ವಿಭಾಗದಲ್ಲಿ ಜನ ನಿಜವಾಗಿ ಮುಗ್ಗರಿಸುವುದು ನ್ಯಾನ್ಸಿ ಡ್ರೂ ಎಂಬ ಅಮೆರಿಕದ ಪತ್ತೇದಾರಿ ಹುಡುಗಿಯ ಪುಸ್ತಕಗಳ ಹತ್ತಿರ. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲೋ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲೋ ಒಂದು ಪ್ರತಿ ಕೊಳ್ಳುತ್ತಾರೆ. ಗೆಳತಿಯ ಬಳಿಯೂ ಅದೇ ಹೆಸರಿನದು ಇರುತ್ತದೆ. ಮಾತಿಗೆ ಕೂತರೆ ಒಬ್ಬರು ಹೇಳುವುದು ಇನ್ನೊಬ್ಬರಿಗೆ ತಾಳೆಯಾಗುವುದಿಲ್ಲ, ಜಗಳ. ಇಬ್ಬರೂ ಸರಿ. 1930ರಲ್ಲಿ ಶುರುವಾದ ಈ ಸರಣಿಯ ಮೊದಲ 34 ಪುಸ್ತಕಗಳನ್ನು 1959ರಿಂದ ಮುಂದೆ ಒಂದೊಂದಾಗಿ ತಿದ್ದಿ ಬರೆದರು. 16 ವರ್ಷದ ನ್ಯಾನ್ಸಿಗೆ 18 ಆಯಿತು, 25 ಅಧ್ಯಾಯ 20ಕ್ಕೆ ಇಳಿಯಿತು. ಕೆಲವಕ್ಕೆ ಬರೀ ಸುಣ್ಣ ಬಳಿದರು, ಕೆಲವನ್ನು ತಳಪಾಯದಿಂದ ಕಿತ್ತು ಕಟ್ಟಿದರು. ಹದಿನೆಂಟನೆಯದಾದ ‘ಮಾಸ್-ಕವರ್ಡ್ ಮ್ಯಾನ್ಷನ್’ ನೋಡಿ: 1941ರದ್ದರಲ್ಲಿ ಕಾಣೆಯಾದ ವಾರಸುದಾರಳ ಹುಡುಕಾಟ, 1971ರದ್ದರಲ್ಲಿ ಬಾಹ್ಯಾಕಾಶ ಕೇಂದ್ರಕ್ಕೆ ಕಳಿಸಿದ ಸ್ಫೋಟಕ ಕಿತ್ತಳೆಹಣ್ಣು. ಹೆಸರು ಅದೇ, ಲೇಖಕಿ ಕ್ಯಾರೊಲಿನ್ ಕೀನ್ ಅವರೇ. ಕ್ಯಾರೊಲಿನ್ ಕೀನ್ ಎಂಬವರು ಇರಲೇ ಇಲ್ಲ ಎಂಬುದು ಇನ್ನೊಂದು ರಹಸ್ಯ. ಅದು ಬೇರೆಯವರಿಂದ ಪುಸ್ತಕ ಬರೆಸುತ್ತಿದ್ದ ಕಂಪನಿಯ ಹೆಸರುಹಲಗೆ. ಮೊದಲ 30ರಲ್ಲಿ 23ನ್ನು ಬರೆದದ್ದು ಮಿಲ್ಡ್ರೆಡ್ ವರ್ಟ್ ಬೆನ್ಸನ್. ಆದ್ದರಿಂದ ಫುಟ್‌ಪಾತಿನಲ್ಲಿ ಚೌಕಾಸಿಗೆ ಇಳಿಯುವ ಮುನ್ನ ಪರಿವಿಡಿ ತೆರೆದು ಅಧ್ಯಾಯ ಎಣಿಸಿ. ಆ 34ರೊಳಗಿನ ಪುಸ್ತಕದಲ್ಲಿ 25 ಇದ್ದರೆ ಹಳೆಯದು, 20 ಇದ್ದರೆ ತಿದ್ದಿದ್ದು. 19 ಇದ್ದರೆ ಕೊನೆಯ ಹಾಳೆಗಳು ಹೋಗಿವೆ, ವಾಪಸ್ ಇಡಿ.

ರಟ್ಟು ಯಾತಕ್ಕೆ ಎಂದು ಕೇಳಿದಿರಿ. ಸರಣಿಯ ಮೂರನೇ ಭಾಗ ಕೊಳ್ಳುವಾಗ ಹಿಂಬದಿಯ ಬರಹ ಮುಚ್ಚಿಕೊಳ್ಳಲಿಕ್ಕೆ. ‘ಅಣ್ಣನ ಸಾವಿನ ನಂತರ ಒಂಟಿಯಾದ...’ ಎಂದು ಮೊದಲ ಸಾಲಿನಲ್ಲೇ ಇರುತ್ತದೆ. ನೀವಿನ್ನೂ ಅಣ್ಣ ಬದುಕಿರುವ ಮೊದಲ ಭಾಗದಲ್ಲಿರುತ್ತೀರಿ. ಫೋನಿನಲ್ಲಿ ಓದುವವರಿಗೆ ರಟ್ಟೂ ಉಪಯೋಗವಿಲ್ಲ. ಕೆಳಗಡೆ ಶೇಕಡಾವಾರು ತೋರಿಸುತ್ತದಲ್ಲ, ಶೇ 60ಕ್ಕೆ ಸಿಕ್ಕಿಬಿದ್ದವನು ಕೊಲೆಗಾರ ಅಲ್ಲವೆಂದು ಅದೇ ಹೇಳಿಬಿಡುತ್ತದೆ. ಇದಕ್ಕೆ ತಿರುಗಾ ಪೆಟ್ಟೂ ಇದೆ: ಇನ್ನೂ ಶೇ 12 ಬಾಕಿಯಿದೆ, ಏನೋ ದೊಡ್ಡದು ಕಾದಿದೆ ಎಂದು ಪುಟ ಸರಿಸಿದರೆ ಕಥೆ ಮುಗಿದೇ ಹೋಗಿರುತ್ತದೆ. ಉಳಿದದ್ದು ಕೃತಜ್ಞತೆ ಮತ್ತು ಮುಂದಿನ ಭಾಗದ ಮೊದಲೆರಡು ಅಧ್ಯಾಯ. ಸೆಟ್ಟಿಂಗ್ಸಿನಲ್ಲಿ ಆ ಅಂಕಿಯನ್ನು ಮರೆಮಾಡಿಕೊಂಡೇ ಓದಲು ಕೂರಿ. ಪಾತ್ರದ ಹೆಸರನ್ನು ಗೂಗಲ್ಲಿನಲ್ಲಿ ಹುಡುಕುವ ಸಾಹಸ ಬೇಡವೇ ಬೇಡ. ಹೆಸರು ಪೂರ್ತಿ ಟೈಪಿಸುವುದರೊಳಗೆ ‘ಸತ್ತದ್ದು ಹೇಗೆ’ ಎಂದು ಅದೇ ಮುಗಿಸಿಕೊಡುತ್ತದೆ.

ಕಾಗದದ ಪ್ರತಿಯೇ ಬೇಕೆಂಬವರಿಗೆ ಮುಖಪುಟದ್ದೊಂದು ಸಂಕಟ. ಈ ಬಗೆಯ ಪುಸ್ತಕಗಳಿಗೆ ಹೊಳಪಿಲ್ಲದ ಕಪ್ಪು ಹೊದಿಕೆಯೆಂದರೆ ಪ್ರಾಣ, ಅದರ ಮೇಲೆ ಒಂದು ಬಿಳೀ ಕೈ ಅಥವಾ ಕೆಂಪು ಹೂವು. ಅಂಗಡಿಯವರು ಬೆಲೆಯ ಚೀಟಿಯನ್ನು ಸರಿಯಾಗಿ ಆ ಕೈಯ ಮೇಲೇ ಅಂಟಿಸುತ್ತಾರೆ. ಉಗುರಿನಿಂದ ಕೆರೆದರೆ ಹೊದಿಕೆಯ ಬಣ್ಣವೂ ಎದ್ದು ಬರುತ್ತದೆ. ಹೇರ್‌ಡ್ರೈಯರನ್ನು ಗೇಣುದೂರದಲ್ಲಿ ಹಿಡಿದು ಇಪ್ಪತ್ತು ಮೂವತ್ತು ಸೆಕೆಂಡ್ ಬಿಸಿ ಮಾಡಿ, ಒಂದು ಮೂಲೆಯಿಂದ ಚೀಟಿಯನ್ನು ಹಿಂದಕ್ಕೆ ಮಡಚಿಕೊಂಡು ನಿಧಾನ ಎಳೆಯಿರಿ. ಮೇಲಕ್ಕೆ ಎಳೆದರೆ ಹರಿಯುತ್ತದೆ. ಉಳಿದ ಗೋಂದಿಗೆ ಬಟ್ಟೆಯ ತುದಿಯಲ್ಲಿ ಎರಡೇ ಹನಿ ಕೊಬ್ಬರಿ ಎಣ್ಣೆ, ಉಜ್ಜಿ ಒಣಬಟ್ಟೆಯಲ್ಲಿ ಒರೆಸಿ. ಪ್ಲಾಸ್ಟಿಕ್ ಪದರವಿರುವ ಹೊದಿಕೆಗೆ ಮಾತ್ರ ಈ ಮದ್ದು. ಬರೀ ಕಾಗದದ ಹೊದಿಕೆಗೆ ತಾಗಿಸಿದರೆ ಬೋಂಡಾ ಕಟ್ಟಿದ ಪೇಪರಿನಂತೆ ಶಾಶ್ವತ ಕಲೆ. ನೇಲ್ ಪಾಲಿಶ್ ತೆಗೆಯುವ ದ್ರಾವಣ ಹಾಕಿದವರ ಕಥೆ ಕೇಳಬೇಡಿ, ಚೀಟಿಯ ಜೊತೆ ಲೇಖಕಿಯ ಹೆಸರೂ ಹೋಗಿರುತ್ತದೆ. ಈ ಕಪ್ಪು ಹೊದಿಕೆಗೆ ಇನ್ನೊಂದು ಗುಣವಿದೆ: ಕೋಡುಬಳೆ ತಿಂದ ಬೆರಳು ಇಟ್ಟರೆ ಗೆರೆಗೆರೆಯಾಗಿ ಅಚ್ಚು ಮೂಡುತ್ತದೆ. ಕೇಳದೆ ಪುಸ್ತಕ ಒಯ್ದವರು ಯಾರೆಂದು ಮನೆಯೊಳಗೇ ಪತ್ತೆ ಮಾಡಬಹುದು. ಹೆಬ್ಬೆರಳಿನ ಗಾತ್ರ ನೋಡಿದರೆ ಅನೇಕ ಸಲ ಅದು ‘ಇಂಥ ಕಸ ಯಾಕೆ ಓದ್ತೀಯ’ ಅಂದವರದೇ ಆಗಿರುತ್ತದೆ.

ಸೆಟ್ ಕೊಳ್ಳುವವರು ಅಳತೆಪಟ್ಟಿ ಇಟ್ಟುಕೊಳ್ಳಿ. ಬ್ರಿಟನ್ನಿನ ಪೇಪರ್‌ಬ್ಯಾಕ್‌ಗಳಲ್ಲಿ 17.8 ಸೆಂಟಿಮೀಟರ್ ಎತ್ತರದ್ದೂ ಉಂಟು, 19.8ರದ್ದೂ ಉಂಟು. ಎರಡು ಭಾಗ ಚಿಕ್ಕದು, ಮೂರನೆಯದು ದೊಡ್ಡದು, ನಾಲ್ಕನೆಯದರ ಬೆನ್ನಿನ ಮೇಲೆ ಸಿನಿಮಾ ನಟನ ಮುಖ. ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದರೆ ಮದುವೆ ಮನೆಯ ಗ್ರೂಪ್ ಫೋಟೊ.

ಆನ್‌ಲೈನಿನಲ್ಲಿ ಪೂರ್ತಿ ಸೆಟ್ ತರಿಸಿದರೆ ಈ ತೊಂದರೆ ಇಲ್ಲವೆನ್ನುತ್ತಾರೆ. ಡೆಲಿವರಿಯವನು ಬರುತ್ತಾನೆ. ‘ಬನ್ನಿ, ಒಳಗ್ ಬನ್ನಿ’ ಅಂದರೂ ಹೊಸ್ತಿಲು ದಾಟುವುದಿಲ್ಲ. ಓಟಿಪಿ ಕೇಳುತ್ತಾನೆ, ಹೇಳಿದ ಕೂಡಲೇ ಮಾಯ. ಡಬ್ಬ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ, ಬೆನ್ನಿನ ಮೇಲಿನ ಅಂಕಿಗಳು ಕ್ಯಾಮೆರಾಕ್ಕೆ ಕಾಣುವಂತೆ ಒಂದೊಂದಾಗಿ ಹೊರತೆಗೆಯಿರಿ. ಒಂದು, ಎರಡು, ಮೂರು, ಮೂರು, ಐದು.