ಸೂರು ಕೇಳಿದರೆ ಸೊಲ್ಲಾಪುರದ ಚಾದರ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಏಳು ಕಲ್ಲುಬೆಂಚುಗಳಿವೆ. ಏಳರ ಬೆನ್ನ ಮೇಲೂ ಕೊಡಿಸಿದವರ ಹೆಸರಿದೆ. ಹೋದ ಕಾರ್ತೀಕದ ಒಂದು ಬೆಳಗ್ಗೆ ವಾಕಿಂಗ್ ಹೋದವರು ಮೂರನೇ ಬೆಂಚಿನ ಮೇಲೆ ಒಬ್ಬ ಮನುಷ್ಯ ಗೋಣಿಚೀಲ ಹೊದ್ದು ಮಲಗಿದ್ದನ್ನು ಕಂಡರು. ದಾನಿಯ ಹೆಸರಿನ ಅರ್ಧ ಅವನ ಬೆನ್ನಿನ ಹಿಂದೆ ಮರೆಯಾಗಿತ್ತು. ದಾನಿಯೂ ಅದೇ ಗುಂಪಿನಲ್ಲಿದ್ದರು. ದುಡಿಯುವ ಬಡವರಿಗೆ ಸೂರು ಮಾಡಿಕೊಡಬೇಕು ಎಂಬ ಯೋಚನೆ ನಮ್ಮ ಬಡಾವಣೆಗೆ ಬಂದದ್ದು ಹೀಗೆ.

ಎಬ್ಬಿಸಿ ವಿಚಾರಿಸಿದರು.

“ಯಾವೂರೋ?”

“ಹರಪನಹಳ್ಳಿ ಕಡಿಯವ್ನ್ರೀ. ಯಾರ್ಡಿನಾಗ ಹಮಾಲಿ ಮಾಡ್ತೀನಿ. ಮೆಕ್ಕೆಜೋಳದ ಸೀಜನ್ ಐತಲ್ರೀ.”

“ಒಂದು ರೂಮು ಮಾಡ್ಕೋಬಾರದೇನೋ?”

“ಮೂರು ತಿಂಗಳ ಕೆಲಸಕ್ಕೆ ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಾರ್ರೀ.”

ಕೇಳಿದವರು ತಕ್ಷಣ ಮಾತು ಬದಲಿಸಿ, ಈ ಸಲ ಚಳಿ ಜಾಸ್ತಿ ಅಲ್ವಾ ಅಂದರು. ಅವರ ಮನೆಯ ಹಿಂದೆ ನಾಲ್ಕು ಬಾಡಿಗೆ ರೂಮುಗಳಿವೆ. ಅವರು ಕೇಳುವ ಅಡ್ವಾನ್ಸೂ ಅಷ್ಟೇ.

ಮೊದಲ ಸಭೆ ಬೆಣ್ಣೆದೋಸೆ ಹೋಟೆಲಿನಲ್ಲಿ ನಡೆಯಿತು. ದಾವಣಗೆರೆಯಲ್ಲಿ ಯಾವ ಒಳ್ಳೆಯ ಕೆಲಸವೂ ದೋಸೆಯಿಲ್ಲದೆ ಶುರುವಾಗುವುದಿಲ್ಲ. ಸಮಿತಿಯ ಹೆಸರಿನಲ್ಲಿ ‘ನಿರ್ಗತಿಕ’ ಇರಬೇಕೋ ‘ಶ್ರಮಿಕ’ ಇರಬೇಕೋ ಎಂಬುದರ ಮೇಲೇ ಒಂದು ಗಂಟೆ ಹೋಯಿತು. ನಿವೃತ್ತ ಲೆಕ್ಕಾಧಿಕಾರಿಗಳೊಬ್ಬರು ಮೂಲಕ್ಕೇ ಕೈ ಹಾಕಿದರು: “ದುಡಿಯೋನು ನಿರ್ಗತಿಕ ಹೆಂಗಾಗ್ತಾನ್ರೀ? ನಿರ್ಗತಿಕ ಆದೋನು ದುಡಿಯೋದಾದರೂ ಹೆಂಗೆ?” ಎಲ್ಲರೂ ತಲೆದೂಗಿದರು. ಹಂಚಿನ ಮುಂದೆ ನಿಂತ ಹುಡುಗ ಎರಡನೇ ದೋಸೆ ಕಳಿಸಿದ. ಅವನು ರಾತ್ರಿ ಅದೇ ಹೋಟೆಲಿನ ಎರಡು ಬೆಂಚು ಜೋಡಿಸಿ ಮಲಗುತ್ತಾನೆ. ಆದರೆ ಅವನು ನಮ್ಮ ಯೋಜನೆಯೊಳಗೆ ಬರುವುದಿಲ್ಲ. ತಲೆ ಮೇಲೆ ಹೋಟೆಲಿನ ತಗಡು ಇದೆಯಲ್ಲ.

ಯಾರಿಗೆ ಮನೆ ಇಲ್ಲ ಅಂತ ತೀರ್ಮಾನಿಸುವುದು ಸುಲಭದ ಕೆಲಸವಲ್ಲ, ಒಪ್ಪೋಣ. ಜನಗಣತಿಯವರು ಅದಕ್ಕೊಂದು ಪಟ್ಟಿಯನ್ನೇ ಮಾಡಿದ್ದಾರೆ. ರಸ್ತೆ ಬದಿ, ಫುಟ್‌ಪಾತು, ಮೇಲ್ಸೇತುವೆಯ ಕೆಳಗೆ, ಮೆಟ್ಟಿಲ ಅಡಿ, ಗುಡಿಯ ಬಯಲು, ರೈಲ್ವೆ ಪ್ಲಾಟ್‌ಫಾರಂ, ಕೊನೆಗೆ ಚರಂಡಿಗೆಂದು ತಂದಿಟ್ಟ ದೊಡ್ಡ ಸಿಮೆಂಟ್ ಪೈಪಿನೊಳಗೆ ಮಲಗುವವರೂ ಅದರಲ್ಲಿದ್ದಾರೆ. 2011ರ ಫೆಬ್ರವರಿ 28ರ ರಾತ್ರಿ ಇಡೀ ದೇಶದಲ್ಲಿ ಇವರನ್ನೆಲ್ಲ ಎಣಿಸಿದರು. 17.7 ಲಕ್ಷ ಜನ ಸಿಕ್ಕರು. ರಾತ್ರಿ ಲಾರಿಗೆ ಮೂಟೆ ಹೊರುತ್ತಿದ್ದ ಹಮಾಲಿ ಹಗಲು ಮಲಗುತ್ತಾನೆ. ಅವನು ಆ ಲೆಕ್ಕಕ್ಕೆ ಎಷ್ಟರ ಮಟ್ಟಿಗೆ ಸಿಕ್ಕಾನು? ಅದೇ ಗಣತಿಯಲ್ಲಿ ದೇಶದ ತುಂಬ ಖಾಲಿ ಬಿದ್ದಿದ್ದ ಮನೆ-ಕಟ್ಟಡಗಳು 2.46 ಕೋಟಿ. ಭಾಗಿಸಿ ನೋಡಿದೆ. ಮನೆಯಿಲ್ಲದ ಒಬ್ಬೊಬ್ಬನ ಪಾಲಿಗೂ ಹದಿಮೂರು ಬರುತ್ತವೆ. ದಿನಕ್ಕೊಂದರಲ್ಲಿ ಮಲಗಿದರೆ ಎರಡು ವಾರಕ್ಕೆ ಒಂದೇ ರಾತ್ರಿ ಕಮ್ಮಿ. ಆ ಒಂದು ರಾತ್ರಿಗೆ ನಮ್ಮ ಮೂರನೇ ಬೆಂಚು ಕೊಡಬಹುದಿತ್ತು.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ಕಾಗದದ ಮೇಲೆ ನಮ್ಮ ಹಮಾಲಿಗೆ ಎರಡು ಮೂರು ಮನೆಗಳಿವೆ. ನಗರ ಜೀವನೋಪಾಯ ಯೋಜನೆಯ ನಿಯಮದಂತೆ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ವಸತಿ ನೆಲೆ ಬೇಕು, ತಲೆಗೆ ಕನಿಷ್ಠ 50 ಚದರ ಅಡಿ ಜಾಗ ಬೇಕು ಎಂದಿತ್ತು. 2011ರಲ್ಲೇ ದಾವಣಗೆರೆಯಲ್ಲಿ ನಾಲ್ಕು ಲಕ್ಷ ದಾಟಿ ಜನರಿದ್ದರು. ಹಾಗಾದರೆ ಎಷ್ಟು ನೆಲೆ ಬೇಕು ಅಂತ ಸಭೆಯಲ್ಲಿ ಲೆಕ್ಕ ಹಾಕುವಾಗ ಅಧ್ಯಕ್ಷರು 50 ಚದರ ಅಡಿ ಅಂದರೆ ಎಷ್ಟಿರುತ್ತೆ ಅಂತ ಕೇಳಿದರು. “ನಿಮ್ಮ ನಾಯಿ ಶೆಡ್ಡು ಐತಲ್ಲ ಸಾರ್, ಅದಕ್ಕಿಂತ ಸ್ವಲ್ಪ ಸಣ್ಣದು” ಎಂದು ಕಾರ್ಯದರ್ಶಿ ವಿನಯದಿಂದ ಹೇಳಿದರು.

ಇನ್ನೊಂದು, ಪ್ರಧಾನಮಂತ್ರಿ ಆವಾಸ್. 2015ರ ಜೂನ್ 25ಕ್ಕೆ ಶುರುವಾಯಿತು. 2022ಕ್ಕೆ ಎಲ್ಲರಿಗೂ ಮನೆ ಅಂದರು. 2022 ಬಂತು, ಹೋಯಿತು. ಗಡುವು 2024ಕ್ಕೆ ಹೋಯಿತು. ಅಷ್ಟರಲ್ಲಿ ಎರಡನೇ ಆವೃತ್ತಿಯೂ ಬಂತು, ಮೊಬೈಲ್ ಫೋನಿನ ಹಾಗೆ. ಕಟ್ಟಿದ ಮನೆಗಳು ಬೇಕಾದಷ್ಟಿವೆ, ಇಲ್ಲ ಅನ್ನಲಾರೆ. ನಮ್ಮ ಹಮಾಲಿಯ ತೊಂದರೆ ಬೇರೆ. ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು ಎಂಬುದು ನಿಯಮ. ಊರಲ್ಲಿ ಅವನ ಅಪ್ಪ ಕಟ್ಟಿಸಿದ ಮನೆ ಇದೆ. ಅದರಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು, ಮೂವರು ಸೊಸೆಯರು, ಎರಡು ಎಮ್ಮೆ. ಇವನ ಪಾಲಿಗೆ ಬಂದಿರುವುದು ಕಟ್ಟೆಯ ಒಂದು ಮೂಲೆ. ಆ ಮೂಲೆಯನ್ನು ಅವನು ಬಾಯಿ ತಪ್ಪಿ ಹೇಳಿಬಿಟ್ಟ. ಅರ್ಜಿ ತುಂಬುತ್ತಿದ್ದ ನಮ್ಮ ಕಾರ್ಯದರ್ಶಿಗಳು ಪೆನ್ನಿನ ಮುಚ್ಚಳ ಹಾಕಿದರು. “ನೀನು ಮನೆಯಿದ್ದೋನಲ್ಲೋ ಮಾರಾಯ!” ಬೆಂಚಿನ ಮೇಲೆ ಮಲಗುವಾತ ಒಂದೇ ಕ್ಷಣದಲ್ಲಿ ಮನೆ ಮಾಲೀಕನಾದ. ಪ್ರಾಮಾಣಿಕರಿಗೆ ನಮ್ಮಲ್ಲಿ ಆಸ್ತಿ ಬೇಗ ಸಿಗುತ್ತದೆ.

2020ರಲ್ಲಿ ಕೂಲಿಕಾರರು ಹೆದ್ದಾರಿ ಹಿಡಿದು ಊರಿಗೆ ನಡೆದರಲ್ಲ, ಆಗ ಒಂದು ಸಲ ಎಲ್ಲರಿಗೂ ಇವರು ಕಂಡಿದ್ದರು. ನಗರ ಕಟ್ಟುವವರು ನಗರದಲ್ಲಿ ಬಾಡಿಗೆಗೆ ಇರಲಾಗದವರು ಎಂದು ಗೊತ್ತಾಗಿ, ಅದೇ ಜುಲೈನಲ್ಲಿ ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ಕಡಿಮೆ ಬಾಡಿಗೆಗೆ ಕೊಡುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಯೋಜನೆಯ ಹೆಸರು ಉದ್ದ ಇತ್ತು. ನಮ್ಮ ಹಮಾಲಿಗೆ ಕೇಳಿದೆ, ಅವನು ಕೇಳಿಯೇ ಇರಲಿಲ್ಲ.

ಇಷ್ಟೆಲ್ಲ ಓದಿ ಸುಸ್ತಾದ ಸಮಿತಿ, ಅಧ್ಯಯನ ಪ್ರವಾಸ ಮಾಡೋಣ ಎಂದು ತೀರ್ಮಾನಿಸಿತು. ಹೋಗಿದ್ದು ಸೊಲ್ಲಾಪುರಕ್ಕೆ. ಆಯ್ಕೆ ಮಾತ್ರ ನಿಜಕ್ಕೂ ಸರಿಯಾಗಿತ್ತು. ಸೊಲ್ಲಾಪುರವೂ ನಮ್ಮಂತೆ ಗಿರಣಿ ಊರು. ನಾವು ಹತ್ತಿ ಗಿರಣಿ ನಂಬಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡೆವು. ಗಿರಣಿ ಹೋಯಿತು, ಹೆಸರು ಭಾಷಣಕ್ಕೆ ಉಳಿಯಿತು. ಅಲ್ಲಿ ಬೀಡಿ ಕಟ್ಟುವ ಹೆಂಗಸರು ಸಹಕಾರಿ ಸಂಘ ಮಾಡಿಕೊಂಡು, ಕೂಲಿಯಲ್ಲಿ ತಮ್ಮ ಪಾಲು ಕೂಡಿಟ್ಟು, ಸರ್ಕಾರಗಳ ಬೆನ್ನು ಹತ್ತಿ ಹತ್ತು ಸಾವಿರ ಮನೆ ಮಾಡಿಕೊಂಡರು. 2006ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಹೋಗಿ ಮನೆ ಹಸ್ತಾಂತರಿಸಿದರು. ಆಮೇಲೆ ಅಸಂಘಟಿತ ಕಾರ್ಮಿಕರಿಗಾಗಿ 30,000 ಮನೆಗಳ ರೇನಗರ ಬಂತು. ಅದರಲ್ಲಿ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ಮೋದಿ ಕೊಟ್ಟರು. ಮಗ್ಗದವರು, ಬೀಡಿಯವರು, ಚಿಂದಿ ಆಯುವವರು, ಡ್ರೈವರುಗಳು ಅಲ್ಲಿದ್ದಾರೆ. ಹಿಂದೆ ನಿಂತು ವರ್ಷಗಟ್ಟಲೆ ಎಳೆದಾಡಿದವರು ಕಾರ್ಮಿಕ ಮುಖಂಡ, ಮಾಜಿ ಶಾಸಕ ನರಸಯ್ಯ ಆಡಂ. ಪಕ್ಷ ಯಾವುದಾದರೂ ಇರಲಿ, ರಿಬ್ಬನ್ ಕತ್ತರಿಸಲು ಬಂದ ಪ್ರಧಾನಿಗಳು ಎರಡು ಬಣ್ಣದವರು, ಬಿಡದೆ ಹಿಡಿದ ಸಂಘ ಕೆಂಬಾವುಟದ್ದು. ಮನೆಗೆ ಬಣ್ಣ ಇರುವುದಿಲ್ಲ, ಸುಣ್ಣ ಇರುತ್ತದೆ.

ನಮ್ಮವರು ಅಲ್ಲಿ ಎಲ್ಲವನ್ನೂ ನೋಡಿದರು. ಕೊನೆಗೆ ನಮ್ಮ ಅಧ್ಯಕ್ಷರು ಮುಖ್ಯ ಪ್ರಶ್ನೆ ಕೇಳಿದರಂತೆ: “ಸಂಘದಾಗ ಗಣ್ಯರು ಎಷ್ಟು ಜನ ಅದಾರ್ರೀ?” ಮನೆ ಬೇಕಾದವರೇ ಸದಸ್ಯರು ಎಂಬ ಉತ್ತರ ಬಂತು. ವಾಪಸ್ ಬರುವಾಗ ಬಸ್ಸಿನಲ್ಲಿ ಈ ಪದ್ಧತಿ ನಮ್ಮೂರಿಗೆ ಹೊಂದುವುದಿಲ್ಲ ಎಂದು ಒಮ್ಮತಕ್ಕೆ ಬರಲಾಯಿತು. ಹಮಾಲಿಯನ್ನು ಸಮಿತಿಗೆ ಸೇರಿಸಿದರೆ ಸಭೆಯನ್ನು ಬೆಳಗ್ಗೆ ಹತ್ತಕ್ಕೆ ಇಡುವ ಹಾಗಿಲ್ಲ, ಆ ಹೊತ್ತಿಗೆ ಅವನಿಗೆ ಕೆಲಸ ಇರುತ್ತದೆ. ಪ್ರವಾಸ ವ್ಯರ್ಥವಾಗಬಾರದು ಎಂದು ಬಸ್ ನಿಲ್ಲಿಸಿ ನಲವತ್ತು ಸೊಲ್ಲಾಪುರ ಚಾದರ ಕೊಂಡರು. ಹದಿನಾಲ್ಕು ಬಡವರಿಗೆ, ಉಳಿದವು ಮನೆಗೆ. ಚಾದರ ಚೆನ್ನಾಗಿವೆ, ನಮ್ಮ ಮನೆಗೂ ಒಂದು ಬಂದಿದೆ.

ಆಮೇಲೆ ಜಾಗದ ಪ್ರಶ್ನೆ. ಬಡಾವಣೆಯಲ್ಲೇ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಒಂದು ಸಿ.ಎ. ಸೈಟು ಖಾಲಿ ಇದೆ. ಪಾರ್ಥೇನಿಯಂ ಬೆಳೆದು, ಹಂದಿಗಳು ಸಂಸಾರ ಹೂಡಿವೆ. ಅಲ್ಲಿಯೇ ನಲವತ್ತು ಮಂಚದ ಒಂದು ವಸತಿ ಮಾಡೋಣ ಎಂದು ಭೂಮಿಪೂಜೆ ಮುಗಿಸಿದರು. ಶಾಮಿಯಾನ, ಫ್ಲೆಕ್ಸು, ಕೆಂಪು ಕಾರ್ಪೆಟ್ಟು, ಗುದ್ದಲಿಗೆ ರಿಬ್ಬನ್. ಮರುದಿನ ಎದುರು ಸಾಲಿನ ಮನೆಯವರ ಮನವಿ ಬಂತು. ಬಡವರ ಬಗ್ಗೆ ನಮಗೆ ಅಪಾರ ಕಾಳಜಿ ಇದೆ, ಆದರೆ ಸೈಟಿನ ರೇಟು ಬೀಳುತ್ತದೆ, ಹೆಣ್ಣುಮಕ್ಕಳು ಓಡಾಡುವ ಜಾಗ, ಹಂದಿಗಳಿಂದಲೂ ಇಷ್ಟು ತೊಂದರೆ ಇರಲಿಲ್ಲ ಎಂದು ಬರೆದಿದ್ದರು. ಅದೇ ಮನೆಗಳಿಗೆ ಸೆಂಟ್ರಿಂಗ್ ಹೊಡೆದು, ಮೋಲ್ಡ್ ಹಾಕಿ, ಒಂದು ವಾರ ಸ್ಲ್ಯಾಬಿಗೆ ನೀರು ಕಟ್ಟುತ್ತ ರಾತ್ರಿ ಅಲ್ಲೇ ಮಲಗಿದವರು ಯಾರಂತ ಕೇಳಬೇಕು ಅನ್ನಿಸಿತು. ಗೃಹಪ್ರವೇಶದ ಹಿಂದಿನ ದಿನದವರೆಗೆ ಅವರಿಂದ ಯಾರ ಹೆಣ್ಣುಮಕ್ಕಳಿಗೂ ತೊಂದರೆ ಇರಲಿಲ್ಲ. ಕೇಳಲಿಲ್ಲ. ಆ ಸಾಲಿನಲ್ಲಿ ನನ್ನ ಷಡ್ಡಕರ ಮನೆಯೂ ಇದೆ.

ಜಾಗ ಆವರಗೆರೆ ಕಡೆಗೆ ಸರಿಯಿತು. ಅಲ್ಲಿ ಎರಡನೇ ಭೂಮಿಪೂಜೆ. ಚಾದರ ಹಂಚಿದ್ದೂ ಅವತ್ತೇ. ಒಂದು ಚಾದರಕ್ಕೆ ಈ ಕಡೆ ಒಂಬತ್ತು ಗಣ್ಯರ ಕೈ, ಆ ಕಡೆ ಒಬ್ಬ ಹಮಾಲಿ. ಫೋಟೋ ಸರಿ ಬರಲಿಲ್ಲವೆಂದು ವಾಪಸ್ ಪಡೆದು ಮತ್ತೆ ಕೊಟ್ಟರು. ಅಲ್ಲಿಯ ಲೇಔಟಿನವರೂ ಕಾಳಜಿಯುಳ್ಳ ಜನ. ಜಾಗ ಮತ್ತೆ ಸರಿದು ಹರಿಹರದ ಹಾದಿ ಹಿಡಿಯಿತು. ಮೂರನೇ ಪೂಜೆ ಆಯಿತು. ಇನ್ನೊಂದು ಸಭೆ ನಡೆದಿದ್ದರೆ ಹಮಾಲಿಯ ಮನೆ ತುಂಗಭದ್ರೆ ದಾಟುತ್ತಿತ್ತು. ಬೆಳಗಿನ ನಾಲ್ಕಕ್ಕೆ ಲಾರಿ ಇಳಿಸಲು ಯಾರ್ಡಿನಲ್ಲಿರಬೇಕಾದವನು ಅಲ್ಲಿಂದ ಹೇಗೆ ಬರುತ್ತಾನೆ ಎಂದು ಕೇಳಿದ್ದಕ್ಕೆ, “ಅಷ್ಟೊತ್ತಿಗೆ ಎದ್ದು ನಡೆದರೆ ಶುಗರ್ ಬರಲ್ಲ ಬಿಡ್ರಿ” ಎಂದು ಸಮಿತಿಯ ಡಾಕ್ಟರು ಹೇಳಿದರು.

ಮನೆ ಕಟ್ಟಿ ನೋಡು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಆದರೆ ಇದೇ ಊರು ಕುಂದುವಾಡ ಕೆರೆಯ ಹತ್ತಿರ ಅಷ್ಟು ದೊಡ್ಡ ಗಾಜಿನ ಮನೆ ಕಟ್ಟಿದೆ. ಹೂವು ಇಡುವುದಕ್ಕೆ. ಹೂವಿಗೆ ವಾಸ ದೃಢೀಕರಣ ಪತ್ರ ಬೇಡ.

ಸಮಿತಿ ಏನೂ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ಒಂದು ಕಾಮಗಾರಿ ಪೂರ್ತಿ ಮುಗಿದಿದೆ, ಅದೂ ಗಡುವಿಗೆ ಮೊದಲೇ. ಪಾರ್ಕಿನ ಏಳೂ ಬೆಂಚುಗಳ ಮೇಲೆ ನಡುನಡುವೆ ಎರಡೆರಡು ಕಬ್ಬಿಣದ ಕೈಯಾಸರೆ ಹಾಕಿಸಿದ್ದಾರೆ. ಮೂವರು ಆರಾಮವಾಗಿ ಕೂರಬಹುದು, ಒಬ್ಬನೂ ಮಲಗುವಂತಿಲ್ಲ. ವೆಲ್ಡಿಂಗ್ ಹುಡುಗ ಸಂಜೆ ಕೆಲಸ ಮುಗಿಸಿ, ಎಲ್ಲಿ ಮಲಗಲಿ ಎಂದು ಸುತ್ತ ನೋಡುತ್ತಿದ್ದನಂತೆ.

ಮೊನ್ನೆ ಆ ಹಮಾಲಿ ಪಾರ್ಕಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ. ಹೆಗಲ ಮೇಲೆ ಚಾದರ. ಮಾತಾಡಿಸಿದೆ.

“ಏನಪ್ಪಾ, ಎಲ್ಲಿಗೆ ಬಂತು ಮನೆ?”

“ಮನಿ ಗೊತ್ತಿಲ್ರೀ. ಪೂಜಿ ಮಾತ್ರ ಭಾಳ ಚಲೋ ಆದ್ವು.”

“ನೀನು ಹೋಗಿದ್ಯಾ?”

“ಮೂರಕ್ಕೂ ಹೋಗಿದ್ದೆ. ಶಾಮಿಯಾನದವ್ರು ಮರುದಿನ ಮಧ್ಯಾಹ್ನದ ತನಕ ಬಿಚ್ಚಲ್ಲ ನೋಡ್ರಿ. ಮೂರು ರಾತ್ರಿ ಅದರಾಗ ಮಲಗಿದ್ವಿ, ಹತ್ತು ಹನ್ನೆರಡು ಮಂದಿ. ಕೆಳಗ ಕಾರ್ಪೆಟ್ಟು, ಸುತ್ತ ಪರದೆ. ಇಬ್ಬನಿ ಅಂಬೋದು ಗೊತ್ತಾಗ್ಲಿಲ್ಲ.”

ಮುಖ ಒರೆಸಿಕೊಂಡು, ಹೊರಡುವವನು ತಿರುಗಿ ನಿಂತು ಕೇಳಿದ.

“ಮುಂದಿನ ಪೂಜಿ ಯಾವಾಗ್ರೀ? ಗೊಬ್ಬರದ ಲಾರಿ ಇಳಿಸಾಕ ಮತ್ತ ಬರ್ತೀವಿ. ಮೃಗಶಿರ ಮಳಿ ಹೊತ್ತಿಗೆ ಒಂದೆರಡು ಇಟ್ಕಳಾಕ ಹೇಳ್ರಿ ಸಾರ್.”