ಐಂಡ್‌ಹೋವನ್‌ನಲ್ಲಿ ಕೇಳಿದ ‘ವಾರೊಮ್’

ಕಳೆದ ಚಳಿಗಾಲದ ಒಂದು ಶುಕ್ರವಾರ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನ ನಮ್ಮ ಆಫೀಸಿನಲ್ಲಿ ಸ್ಪ್ರಿಂಟ್ ಡೆಮೊ ಇತ್ತು. ಅಂದರೆ ನಮ್ಮ ಸಾಫ್ಟ್‌ವೇರ್ ತಂಡ ಎರಡು ವಾರದಲ್ಲಿ (ಅದೇ ಒಂದು ಸ್ಪ್ರಿಂಟ್) ಮಾಡಿದ್ದನ್ನು ಬಳಸುವವರಿಗೆ ತೋರಿಸುವುದು. ಆ ಸಲ 42 ಸ್ಟೋರಿ ಪಾಯಿಂಟ್ (ಕೆಲಸ ಎಷ್ಟು ದೊಡ್ಡದು ಎಂದು ನಾವೇ ಹಾಕುವ ಅಂದಾಜು ಅಂಕಿ) ಮುಗಿಸಿದ್ದೆವು, ಒಂದೂ ಬಾಕಿ ಇರಲಿಲ್ಲ. ಹೊಸ ರಿಪೋರ್ಟ್ ಸ್ಕ್ರೀನ್, ಅದರಲ್ಲಿ 14 ಫಿಲ್ಟರ್. ನಾನೇ ನಿಂತು ತೋರಿಸಿದೆ. ಬಿಡಿಭಾಗಗಳ ಗೋದಾಮು ನೋಡಿಕೊಳ್ಳುವವರು, ನಮ್ಮ ದೊಡ್ಡಮ್ಮನ ವಯಸ್ಸಿನ ಹೆಂಗಸು, ಕೊನೆಯವರೆಗೂ ನೋಡಿ ಒಂದೇ ಪದ ಕೇಳಿದರು. ‘ವಾರೊಮ್?’ ಡಚ್ಚರ ಭಾಷೆಯಲ್ಲಿ ಹಾಗೆಂದರೆ ಯಾಕೆ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಮಾಡಬೇಕಾದ ಕೆಲಸದ ಪಟ್ಟಿಯಲ್ಲಿ ಇತ್ತು, ಮಾಡಿದೆವು. ಅವರು ಬಿಡಲಿಲ್ಲ. ‘ಗಿರಾಕಿಗೆ ತಪ್ಪು ಭಾಗ ಹೋಗುತ್ತದೆ, ವಾಪಸ್ ಬರುತ್ತದೆ. ದಿನಾ ಬರುತ್ತದೆ. ಈ ಸ್ಕ್ರೀನಿನಿಂದ ಅದು ಕಡಿಮೆ ಆಗುತ್ತದಾ?’ ಆಗುತ್ತಿರಲಿಲ್ಲ. ಅವತ್ತು ಸೈಕಲ್ ತುಳಿಯುತ್ತಾ ಮನೆಗೆ ಹೋಗುವಾಗ ಅಷ್ಟು ಚಳಿಯಲ್ಲೂ ಮುಖ ಬಿಸಿಯಾಗಿತ್ತು.

ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಈ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಸ್ಟ್ಯಾಂಡಪ್. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಏನಾದರೂ ಅಡ್ಡಿ ಇದೆಯಾ. ಗೋಡೆಯ ಮೇಲೆ ವೆಲಾಸಿಟಿ ಚಾರ್ಟ್, ಒಂದೊಂದು ಸ್ಪ್ರಿಂಟಿನಲ್ಲಿ ಎಷ್ಟು ಪಾಯಿಂಟ್ ಮುಗಿಯಿತು ಎಂದು ತೋರಿಸಲು. ಅದು 40ರಿಂದ 55ಕ್ಕೆ ಏರಿದಾಗ ಕೇಕ್ ಕತ್ತರಿಸಿದೆವು. ಕೆಲಸ ಜಾಸ್ತಿ ಆಗಿರಲಿಲ್ಲ. ಮೊದಲು 3 ಪಾಯಿಂಟ್ ಅನ್ನುತ್ತಿದ್ದ ಕೆಲಸಕ್ಕೆ 5 ಅನ್ನತೊಡಗಿದ್ದೆವು. ಯಾರೂ ಬೇಕೆಂದು ಸುಳ್ಳು ಹೇಳಲಿಲ್ಲ. ಅಪ್ರೈಸಲ್‌ನಲ್ಲಿ ನೋಡುವುದು ಅದನ್ನೇ ಆದಾಗ ಅಂಕಿ ತಾನಾಗಿಯೇ ಬೆಳೆಯುತ್ತದೆ. ಒಮ್ಮೆ ನಾಲ್ಕು ತಿಂಗಳು ಕೂತು ಮಾಡಿದ ಒಂದು ಮಾಡ್ಯೂಲನ್ನು ಯಾರೂ ತೆರೆದೇ ನೋಡಿಲ್ಲ ಎಂದು ಆಮೇಲೆ ಗೊತ್ತಾಯಿತು. ಅಷ್ಟು ಹೊತ್ತಿಗೆ ನಾವು ಮುಂದಿನ ಮಾಡ್ಯೂಲಿನಲ್ಲಿದ್ದೆವು.

ನಮ್ಮೂರಲ್ಲಿ ಹೀಗಿರಲಿಲ್ಲ ಅಲ್ವಾ ಅನ್ನಿಸುತ್ತದೆ. ಅಡಿಕೆ ಮರ ಹತ್ತುವ ಕೊನೆಗೌಡ ಎಷ್ಟು ಕೊನೆ (ಅಡಿಕೆ ಗೊಂಚಲು) ಇಳಿಸಿದ ಎಂದು ಅಪ್ಪ ಬರೆದಿಡುತ್ತಿದ್ದರು. ಅದು ಕೂಲಿಯ ಲೆಕ್ಕಕ್ಕೆ. ಈ ವರ್ಷ ತೋಟ ಹೇಗಾಯ್ತು ಎಂದು ಯಾರಾದರೂ ಕೇಳಿದರೆ ಶಿರಸಿಯಲ್ಲಿ ಚಾಲಿ (ಒಣಗಿಸಿದ ಅಡಿಕೆ) ಎಷ್ಟಕ್ಕೆ ಹೋಯಿತು ಎಂದೇ ಹೇಳುತ್ತಿದ್ದರು. ಎರಡೂ ಲೆಕ್ಕ ಬೇಕು. ಒಂದನ್ನು ಇನ್ನೊಂದು ಅಂದುಕೊಳ್ಳಬಾರದು. ಅಂಥ ಮನೆಗಳಿಂದ ಬಂದ ನಾವೇ ಆಫೀಸಿನಲ್ಲಿ ಬರೀ ಕೊನೆ ಎಣಿಸುತ್ತಾ ಕೂತಿದ್ದೆವು.

ಆ ಡೆಮೊ ಆದ ಮೇಲೆ ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವ ನಮ್ಮ ಪ್ರಾಡಕ್ಟ್ ಓನರ್ ಗೋದಾಮಿನವರ ಜೊತೆ ಒಂದು ಮಧ್ಯಾಹ್ನ ಕೂತರು. ಬೋರ್ಡಿನ ಮೇಲೆ ಒಂದೇ ಸಾಲು ಬರೆದರು: ತಪ್ಪು ಭಾಗ ವಾಪಸ್ ಬರುವುದು ಅರ್ಧಕ್ಕೆ ಇಳಿಯಬೇಕು. ಬ್ಯಾಕ್‌ಲಾಗ್‌ನ ಒಂದೊಂದು ಟಿಕೆಟ್ಟನ್ನೂ ಆ ಸಾಲಿಗೆ ಹಿಡಿದು ನೋಡಿದೆವು. ಹತ್ತಿರ ಹತ್ತಿರ ಅರ್ಧ ಕಿತ್ತು ಹಾಕಿದೆವು. ನನ್ನ 14 ಫಿಲ್ಟರ್ ಕೂಡ ಹೋಯಿತು. ಭಾಗ ಆರಿಸುವ ಸ್ಕ್ರೀನಿನಲ್ಲಿ ನಂಬರಿನ ಪಕ್ಕ ಆ ಭಾಗದ ಫೋಟೊ ಹಾಕಿದೆವು, ಅಷ್ಟೇ. ಆ ಸ್ಪ್ರಿಂಟಿನಲ್ಲಿ 19 ಪಾಯಿಂಟ್ ಆಯಿತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ವಾಪಸ್ ಬಂದ ಸಾಮಾನಿನ ಕಪಾಟಿನಲ್ಲಿ ಖಾಲಿ ಜಾಗ ಕಾಣತೊಡಗಿತು. ಗೋದಾಮಿನವರೇ ಕರೆದುಕೊಂಡು ಹೋಗಿ ತೋರಿಸಿದರು. ಯಾವ ಅವಾರ್ಡ್ ಬಂದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಇದೇನೂ ಹೊಸ ವಿದ್ಯೆಯಲ್ಲ. 2001ರಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಶುರು ಮಾಡಿದ ಅಜೈಲ್ (ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತಿನಲ್ಲಿ ಮಾಡುವ ವಿಧಾನ) ಪ್ರಣಾಳಿಕೆಯ 12 ಸೂತ್ರಗಳಲ್ಲೇ ಇದೆ: ವ್ಯಾಪಾರ ನೋಡುವವರೂ ಡೆವಲಪರ್‌ಗಳೂ ದಿನಾ ಒಟ್ಟಿಗೆ ಕೆಲಸ ಮಾಡಬೇಕು. ಈ ಸ್ಪ್ರಿಂಟ್ ಪದ್ಧತಿಯ ಕೈಪಿಡಿಯಾದ ಸ್ಕ್ರಮ್ ಗೈಡ್ ಕೂಡ 2020ರಲ್ಲಿ ‘ಪ್ರಾಡಕ್ಟ್ ಗೋಲ್’, ಅಂದರೆ ಉತ್ಪನ್ನ ಮುಟ್ಟಬೇಕಾದ ಗುರಿ, ಎಂಬುದನ್ನು ಸೇರಿಸಿತು. ಬೆಂಗಳೂರಿನ ಎರಡು ದಿನದ ಟ್ರೈನಿಂಗ್‌ನಲ್ಲಿ ಆ 12 ಸೂತ್ರ ನಾವೂ ಓದಿದ್ದೆವು. ಪರೀಕ್ಷೆಗೆ ಓದಿದ್ದೆವು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಡಚ್ಚರ ಈ ‘ಯಾಕೆ’ ಒಂದೊಂದು ಸಲ ಮುಗಿಯುವುದೇ ಇಲ್ಲ. ಎಲ್ಲರೂ ಒಪ್ಪುವ ತನಕ ಮೀಟಿಂಗ್ ಮೇಲೆ ಮೀಟಿಂಗ್. ಒಂದು ಶುಕ್ರವಾರ ಸಂಜೆ ಸಿಸ್ಟಮ್ ಬಿದ್ದಾಗ ಇಲ್ಲಿ ಎಲ್ಲರೂ ಮನೆಗೆ ಹೋಗಿಯಾಗಿತ್ತು. ರಾತ್ರಿಯೆಲ್ಲ ಕೂತು ಅದನ್ನು ಎತ್ತಿ ನಿಲ್ಲಿಸಿದ್ದು ಬೆಂಗಳೂರಿನ ಹುಡುಗರು.

ಅವರನ್ನು ದೂರುವುದೂ ಸರಿಯಲ್ಲ ಅಂತ ಈಗೀಗ ಅನ್ನಿಸುತ್ತದೆ. ಅಲ್ಲಿ ದುಡ್ಡು ಬರುವುದು ಗಂಟೆಯ ಲೆಕ್ಕದಲ್ಲಿ. ಗಿರಾಕಿಯ ಗಡಿಯಾರ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಅವನು ಸಿಗುವುದು ವಾರಕ್ಕೆ ಎರಡು ಕಾಲ್‌ನಲ್ಲಿ. ಗೋದಾಮಿನವರು ಇಲ್ಲಿ ನನ್ನಿಂದ ಮೂರು ಮೇಜು ಆಚೆ ಕೂರುತ್ತಾರೆ, ಹಾಗಾಗಿ ಕೇಳಿದರು. ಬೆಂಗಳೂರಿನಲ್ಲಿ ಕೇಳಬೇಕಾದವರು ನಮ್ಮ ಕೋಣೆಯೊಳಗೆ ಬಂದೇ ಇರಲಿಲ್ಲ. ನಾನೂ ಅವರನ್ನು ಹುಡುಕಿಕೊಂಡು ಹೋಗಲಿಲ್ಲ. ಆರು ವರ್ಷದಲ್ಲಿ ನಾನು ಬರೆದದ್ದನ್ನು ಬಳಸುವ ಒಬ್ಬರ ಮುಖವನ್ನೂ ನೋಡಿರಲಿಲ್ಲ.